ಖಾನಾವಳಿಯಲ್ಲಿ ಉಣ್ಣುವ ವಿವೇಕ

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ದಿನ ಬೆಳಗಾದರೆ ಗದಗ-ಬೆಟಗೇರಿಗೆ ಬಂದಿಳಿಯುವ ಜನರಲ್ಲಿ ಕಚೇರಿಯ ಕಾಗದಪತ್ರಕ್ಕೆಂದು ಬಂದವರು, ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಒಣಮೆಣಸಿನಕಾಯಿ, ಹೆಸರು, ಶೇಂಗಾ, ಉಳ್ಳಾಗಡ್ಡಿಗಳನ್ನು ಹೇರಿಕೊಂಡು ಬಂದವರು, ಆಸ್ಪತ್ರೆಗೆ ಬಂದವರು, ಕಾಲೇಜಿಗೆ ಬಂದವರು ಎಲ್ಲರೂ ಉಂಟು. ಆದರೆ ಮಧ್ಯಾಹ್ನದ ಹಸಿವಿಗೆ ಮನೆಯ ಬುತ್ತಿಯನ್ನು ಕಟ್ಟಿಕೊಂಡು ಬಂದವರು ಮಾತ್ರ ಈಚೆಗೆ ವಿರಳವಾಗಿದ್ದಾರೆ. ಖಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇವಿಷ್ಟನ್ನು ಅರಿವೆಯಲ್ಲಿ ಗಂಟು ಹಾಕಿ ಹೆಗಲಿಗೇರಿಸಿ ಹೊರಡುತ್ತಿದ್ದ ಹಿರಿಯರ ಪದ್ಧತಿಯು, 1997ರಲ್ಲಿ ಗದಗವು ಧಾರವಾಡದಿಂದ ಬೇರ್ಪಟ್ಟು ಜಿಲ್ಲಾಕೇಂದ್ರವಾದ ಮೇಲೆ ಹೆಚ್ಚಿದ ಓಡಾಟದಲ್ಲಿಯೂ ಅವಸರದಲ್ಲಿಯೂ ಕ್ರಮೇಣ ಸವೆದುಹೋಯಿತು. ಆದುದರಿಂದ ಹೊರಗೆ ಉಣ್ಣುವುದು ಈ ಭಾಗದಲ್ಲಿ ಇಂದು ಹಬ್ಬ-ಜಾತ್ರೆಗಳ ವಿಲಾಸವಾಗಿ ಉಳಿದಿಲ್ಲ. ಬಸ್ಸಿನ ನಿರ್ವಾಹಕನಿಗೆ, ಮುದ್ರಣಾಲಯದ ಕೆಲಸಗಾರನಿಗೆ, ಬಾಡಿಗೆ ಕೋಣೆಯಲ್ಲಿರುವ ವಿದ್ಯಾರ್ಥಿಗೆ ಅದು ನಿತ್ಯದ ಅನಿವಾರ್ಯ.

ಇಂಥವರಿಗೆ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಕಾಣಿಸಿಕೊಂಡಾಗ “ಹೊರಗಿನ ಊಟ ಬಿಡಿ” ಎಂಬ ಉಪದೇಶ ಸುಲಭವಾಗಿ ದೊರೆಯುತ್ತದೆ. ಉಪದೇಶ ಸದುದ್ದೇಶದ್ದೇ ಆದರೂ ಅದರಿಂದ ಆ ಬಡಪಾಯಿಯ ಮರುದಿನದ ಮಧ್ಯಾಹ್ನ ಕಳೆಯುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಬೃಹತ್ ಸಮೀಕ್ಷೆಯು ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಜನ ಮಧುಮೇಹಿಗಳಿರುವರೆಂದೂ, ರಕ್ತದೊತ್ತಡವುಳ್ಳವರು ಮೂವತ್ತು ಕೋಟಿಗೂ ಮೇಲ್ಪಟ್ಟಿರುವರೆಂದೂ ಅಂದಾಜು ಮಾಡಿದೆ. ಇಷ್ಟು ಜನರೂ ಮನೆಯ ಅಡಿಗೆಯನ್ನೇ ಉಂಡು ಬದುಕಲಾರರು. ಅವರಿಗೆ ಬೇಕಾದುದು ನಿಷೇಧವಲ್ಲ, ಖಾನಾವಳಿಯ ಬಾಗಿಲೊಳಗೆ ಹೋದ ಮೇಲೆ ಏನನ್ನು ಬೇಡಬೇಕು, ಏನನ್ನು ಬೇಡವೆನ್ನಬೇಕು ಎಂಬ ವಿವೇಕ. ಈ ವಿವೇಕಕ್ಕೆ ನಮ್ಮ ಸೀಮೆಯಲ್ಲಿ ಇರುವಷ್ಟು ಅನುಕೂಲ ಬೇರೆಡೆ ಇರುವುದು ಅಪರೂಪವೆಂದು ನಾನು ನಿಸ್ಸಂಕೋಚವಾಗಿ ಹೇಳಬಲ್ಲೆ. ಏಕೆಂದರೆ ಪೌಷ್ಟಿಕತಜ್ಞರು ಪಟ್ಟಿಮಾಡಿ ಹೇಳುವ ಉತ್ತಮ ಆಹಾರದ ಬಹುಭಾಗವು ಇಲ್ಲಿಯ ಸಾಮಾನ್ಯ ಖಾನಾವಳಿಯ ತಾಟಿನಲ್ಲಿ, ಯಾರೂ ಕೇಳದಿದ್ದರೂ, ಮೊದಲಿನಿಂದಲೂ ಬಡಿಸಲ್ಪಡುತ್ತಿದೆ.

ಆ ತಾಟನ್ನು ಒಮ್ಮೆ ಅವಧಾನವಿಟ್ಟು ನೋಡಬೇಕು. ಅಗಲವಾದ ಸ್ಟೀಲಿನ ತಾಟು. ನಡುವೆ ಹೆಂಚಿನಿಂದ ಆಗಷ್ಟೇ ಇಳಿದ, ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದ ಬಿಸಿ ಜೋಳದ ರೊಟ್ಟಿ. ಒಂದು ಬಟ್ಟಲಲ್ಲಿ ಬದನೆಕಾಯಿ ಎಣ್ಣೆಗಾಯಿ, ಇನ್ನೊಂದರಲ್ಲಿ ಹೆಸರುಕಾಳಿನ ಅಥವಾ ಮಡಿಕೆಕಾಳಿನ ಪಲ್ಯ. ಅಂಚಿಗೆ ಒಂದೊಂದು ಚಿಟಿಕೆಯಂತೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಕೆಂಪಿಂಡಿ. ಸೀಳಿದ ಉಳ್ಳಾಗಡ್ಡಿ, ಸವತೆಕಾಯಿ, ಮೂಲಂಗಿ, ಒಳ್ಳೆಯ ದಿನವಾಗಿದ್ದರೆ ಹಸಿ ಮೆಂತ್ಯ ಅಥವಾ ಹಕ್ಕರಿಕೆಯ ಸೊಪ್ಪು. ಒಂದು ಹೋಳು ನಿಂಬೆ, ಒಂದು ಬಟ್ಟಲು ಮೊಸರು. ಅನ್ನ-ಸಾರು ಆಮೇಲಿನ ಮಾತು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರೂ 10 ಗ್ರಾಂ ಸಸಾರಜನಕವೂ ಇರುತ್ತವೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಮುಟ್ಟುವುದಿಲ್ಲ, ಸಸಾರಜನಕ 8 ಗ್ರಾಂ ದಾಟುವುದಿಲ್ಲ. ಹೆಸರುಕಾಳಿನಲ್ಲಿಯಂತೂ ಸಸಾರಜನಕ ನೂರಕ್ಕೆ 22ರ ಮೇಲಿದೆ. ಜೋಳದ ಸಸಾರಜನಕದಲ್ಲಿ ಕೊರತೆಯಾಗುವ ಅಂಶವನ್ನು ಕಾಳು ತುಂಬಿಕೊಡುತ್ತದೆ. ಹಸಿ ಸೊಪ್ಪು, ನಿಂಬೆಗಳಲ್ಲಿಯ ಸಿ ಜೀವಸತ್ವವು ಧಾನ್ಯದಲ್ಲಿಯ ಕಬ್ಬಿಣವನ್ನು ದೇಹ ಹೆಚ್ಚಾಗಿ ಹೀರಿಕೊಳ್ಳುವಂತೆ ಮಾಡುತ್ತದೆ. ಅಗಸಿಯಲ್ಲಿ ಹೃದಯಕ್ಕೆ ಹಿತವಾದ ಒಮೆಗಾ-3 ಜಾತಿಯ ಕೊಬ್ಬುಂಟು. ತಮ್ಮ ಹೊಲಗಳಲ್ಲಿ ಬೆಳೆಯುವುದನ್ನೇ ಒಟ್ಟಿಗೆ ಉಣ್ಣುತ್ತ ಬಂದ ಜನ, ಯಾವ ಪ್ರಯೋಗಶಾಲೆಯ ಸಹಾಯವೂ ಇಲ್ಲದೆ ಈ ಸಂಯೋಗವನ್ನು ಸಾಧಿಸಿದ್ದಾರೆಂಬುದು ನಮಗೆ ಅಭಿಮಾನದ ವಿಷಯವಾಗಬೇಕು.

ಹಾಗಿದ್ದರೆ ಕೇಡು ಎಲ್ಲಿಂದ ಬರುತ್ತದೆ? ಬಹುಮಟ್ಟಿಗೆ ಅದು ಎರಡನೆಯ ಸಲ ಬಡಿಸಿಕೊಳ್ಳುವಲ್ಲಿಂದ ಬರುತ್ತದೆ. ಎಷ್ಟೋ ಕಡೆಗೆ ರೊಟ್ಟಿಗೆ ಲೆಕ್ಕವುಂಟು, ಅನ್ನಕ್ಕೆ ಲೆಕ್ಕವಿಲ್ಲ. ಊಟದ ದರಕ್ಕೆ ಎರಡು ರೊಟ್ಟಿ ಬಂದ ಮೇಲೆ ಮೂರನೆಯದಕ್ಕೆ ಬೇರೆ ಹಣ ಕೊಡಬೇಕಾದುದರಿಂದ, ಹಸಿದವನು ಸಹಜವಾಗಿಯೇ ಉಳಿದ ಹೊಟ್ಟೆಯನ್ನು ಅನ್ನದಿಂದ ತುಂಬಿಕೊಳ್ಳುತ್ತಾನೆ. ತಾಟಿನ ಪಲ್ಯ ರೊಟ್ಟಿಯೊಡನೆಯೇ ಮುಗಿದಿರುವುದರಿಂದ ಆ ಅನ್ನ ಬರಿಯ ತಿಳಿಸಾರಿನಲ್ಲಿಯೇ ಇಳಿಯುತ್ತದೆ. ನಾರಿಲ್ಲದ, ಕಾಳಿಲ್ಲದ ಈ ಅನ್ನರಾಶಿಯೇ ಮಧುಮೇಹಿಯ ರಕ್ತದಲ್ಲಿ ಸಕ್ಕರೆಯನ್ನು ಥಟ್ಟನೆ ಏರಿಸತಕ್ಕದ್ದು. ಮೂರನೆಯ ರೊಟ್ಟಿಗೆ ಕೊಡುವ ಹಣವನ್ನು ದುಂದೆಂದು ಭಾವಿಸಬಾರದು. ಔಷಧದ ಅಂಗಡಿಯಲ್ಲಿ ಕೊಡುವುದಕ್ಕಿಂತ ಅದು ಬಹಳ ಸಣ್ಣ ಮೊತ್ತ. ಮೊದಲು ಸವತೆಕಾಯಿ-ಮೂಲಂಗಿಗಳನ್ನೂ ಕಾಳುಪಲ್ಯವನ್ನೂ ಸ್ವಲ್ಪ ತಿಂದು ಆಮೇಲೆ ರೊಟ್ಟಿ ಮುರಿದು, ಅನ್ನವನ್ನು ಕೊನೆಗೆ ಇಟ್ಟುಕೊಂಡರೆ, ಅದೇ ಊಟದಿಂದಲೇ ಸಕ್ಕರೆಯ ಏರಿಕೆ ಕಡಿಮೆಯಾಗುತ್ತದೆಂಬುದು ಈಗ ಪ್ರಯೋಗಗಳಿಂದ ಸಿದ್ಧವಾದ ಸಂಗತಿ. ಇದಕ್ಕೆ ದುಡ್ಡೂ ಬೇಕಿಲ್ಲ, ಯಾರನ್ನೂ ಕೇಳಬೇಕಾಗಿಯೂ ಇಲ್ಲ. ಹೊಲದಲ್ಲಿ ಇಡೀ ದಿನ ದುಡಿದು ಬಂದವನ ಮಾತು ಬೇರೆ. ಅವನಿಗೆ ಅನ್ನವೂ ಬೇಕು, ಅದನ್ನು ದಹಿಸುವ ಶ್ರಮವೂ ಅವನಲ್ಲುಂಟು. ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುವವನು ಅವನ ತಾಟನ್ನು ಅನುಕರಿಸಿದರೆ ಮಾತ್ರ ತೊಂದರೆ.

ಎರಡನೆಯ ಸಂಗತಿ ಎಣ್ಣೆ. ಎಣ್ಣೆಗಾಯಿಯೆಂಬ ಪದಾರ್ಥದಲ್ಲಿ ಶೇಂಗಾ, ಎಳ್ಳು, ಗುರೆಳ್ಳುಗಳ ಪುಡಿ ತುಂಬಿದ ಎಳೆಯ ಬದನೆಕಾಯಿ ಇರುತ್ತದೆ; ಈ ಸಾಮಗ್ರಿಗಳಲ್ಲಿ ದೂಷಿಸತಕ್ಕದ್ದು ಒಂದೂ ಇಲ್ಲ. ಆದರೆ ಮೇಲೆ ಬೆರಳು ದಪ್ಪ ಕೆಂಪೆಣ್ಣೆ ತೇಲಿದರೆ ಮಾತ್ರ ಅದು ಗಿರಾಕಿಗೆ ಮಾಡಿದ ಗೌರವವೆಂಬ ಭಾವನೆ ಖಾನಾವಳಿಗಳಲ್ಲಿ ಬೇರೂರಿದೆ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ. ಪಿಷ್ಟದಲ್ಲಿಯೂ ಸಸಾರಜನಕದಲ್ಲಿಯೂ 4. ಊಟದ ದೊಡ್ಡ ಚಮಚೆಯೊಂದರಷ್ಟು ಎಣ್ಣೆಯೆಂದರೆ ಹೆಚ್ಚುಕಡಿಮೆ ಒಂದು ಸಣ್ಣ ರೊಟ್ಟಿಯ ಶಕ್ತಿ, ರೊಟ್ಟಿಯ ನಾರಿಲ್ಲದೆ. ದಿನವೊಂದಕ್ಕೆ ಒಬ್ಬ ವಯಸ್ಕನಿಗೆ ಎಲ್ಲ ಅಡಿಗೆ ಸೇರಿ 25-30 ಗ್ರಾಂ ಎಣ್ಣೆ ಸಾಕು. ಒಂದೇ ಬಟ್ಟಲು ಎಣ್ಣೆಗಾಯಿಯ ಮೇಲ್ಪದರವನ್ನು ರೊಟ್ಟಿಯಿಂದ ಒರೆಸಿ ಉಂಡರೆ ಅದರ ಬಹುಪಾಲು ಮುಗಿದುಹೋಗುತ್ತದೆ. ಬದನೆಕಾಯಿಯನ್ನೂ ಮಸಾಲೆಯನ್ನೂ ಎತ್ತಿಕೊಂಡು ಎಣ್ಣೆಯನ್ನು ಬಟ್ಟಲಲ್ಲಿಯೇ ಬಿಟ್ಟರೆ ಪಾಕಕ್ಕೂ ಅವಮಾನವಿಲ್ಲ, ಪಾಕಮಾಡಿದವರಿಗೂ ಅವಮಾನವಿಲ್ಲ. ಬೆಟಗೇರಿಯ ಸಾವಜಿ ಖಾನಾವಳಿಗಳಿಗೆ ಹೋಗುವವರಿಗೂ ಇದೇ ಮಾತು ಹೆಚ್ಚಿನ ಒತ್ತಿನಿಂದ ಅನ್ವಯಿಸುತ್ತದೆ; ಅಲ್ಲಿಯ ಮಟನ್ನಿನ ತುಂಡುಗಳನ್ನು ರೊಟ್ಟಿಯೊಡನೆ, ಹಸಿ ಉಳ್ಳಾಗಡ್ಡಿ-ನಿಂಬೆಗಳೊಡನೆ ಉಂಡರೆ ಸಂತೃಪ್ತಿಯ ಊಟವಾಗುತ್ತದೆ, ಆ ಉರಿಯುವ ರಸದ ಎಣ್ಣೆಯನ್ನು ಮತ್ತೆ ಮತ್ತೆ ಹಾಕಿಸಿಕೊಂಡಾಗಲೇ ಅದು ಭಾರ.

ಉಪ್ಪಿನ ವಿಚಾರ ಇದಕ್ಕಿಂತ ಸೂಕ್ಷ್ಮ, ಏಕೆಂದರೆ ಎಣ್ಣೆಯಂತೆ ಅದು ಕಣ್ಣಿಗೆ ಕಾಣುವುದಿಲ್ಲ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಚಹಾಚಮಚೆ ಮಾತ್ರ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ತಾಟಿನ ಉಪ್ಪಿನಕಾಯಿ, ಹಪ್ಪಳ, ಕೆಂಪಿಂಡಿ, ಉಪ್ಪು ಬೆರೆಸಿದ ಮಜ್ಜಿಗೆ ಇವೆಲ್ಲವೂ ಒಂದೇ ಊಟದಲ್ಲಿ ಕೂಡಿದರೆ ಆ ಚಮಚೆ ಬೇಗನೆ ತುಂಬುತ್ತದೆ. ರಕ್ತದೊತ್ತಡವುಳ್ಳವರು ಉಪ್ಪಿನಕಾಯಿ-ಹಪ್ಪಳಗಳನ್ನು ಬಿಟ್ಟು ಶೇಂಗಾ ಚಟ್ನಿಯನ್ನು ಇಟ್ಟುಕೊಳ್ಳುವುದೂ, ಮಜ್ಜಿಗೆಗೆ ಬದಲಾಗಿ ಉಪ್ಪಿಲ್ಲದ ಮೊಸರನ್ನು ಕೇಳುವುದೂ ಮೇಲು.

ಇನ್ನು ಸಾಯಂಕಾಲದ ಮಾತಿಗೆ ಬರೋಣ. ಈ ಸೀಮೆಯ ಆರೋಗ್ಯದ ನಿಜವಾದ ಪರೀಕ್ಷೆ ನಡೆಯುವುದು ಸಾಯಂಕಾಲದಲ್ಲಿಯೇ. ಐದು ಗಂಟೆಯ ಹೊತ್ತಿಗೆ ಬಸ್ ನಿಲ್ದಾಣದ ಬದಿಯಲ್ಲಿಯೂ ಮಾರುಕಟ್ಟೆಯ ಮೂಲೆಗಳಲ್ಲಿಯೂ ಒಲೆಗಳು ಹೊತ್ತಿಕೊಳ್ಳುತ್ತವೆ. ಉದ್ದನೆಯ ಹಸಿಮೆಣಸಿನಕಾಯಿಯನ್ನು ತೊಟ್ಟು ಹಿಡಿದು ಕಡಲೆಹಿಟ್ಟಿನಲ್ಲಿ ಅದ್ದಿ ಕಡಾಯಿಗೆ ಇಳಿಬಿಟ್ಟಾಗ ಅದು ಸುಯ್ಯೆಂದು ಮುಳುಗಿ, ಉಬ್ಬಿ, ಮೇಲೆದ್ದು ಬಂಗಾರದ ಬಣ್ಣಕ್ಕೆ ತಿರುಗುವುದನ್ನು ನೋಡುತ್ತ ನಿಂತವರಿಗೆ ವೈದ್ಯರ ಮಾತು ನೆನಪಾಗುವುದು ಕಠಿಣ. ಗದಗಿನ ಬದನೆಕಾಯಿ ಬಜ್ಜಿಯ ಕೀರ್ತಿಯಂತೂ ಜಿಲ್ಲೆಯ ಗಡಿ ದಾಟಿದೆ. ಇವುಗಳನ್ನು ತಿನ್ನಲೇಬಾರದೆಂದು ನಾನು ಹೇಳಲಾರೆ. ಒಂದು ಊರಿನ ಸಂತೋಷವನ್ನು ಅಳಿಸಿ ಪಡೆಯುವ ಆರೋಗ್ಯ ನಿಲ್ಲತಕ್ಕದ್ದೂ ಅಲ್ಲ. ಆದರೆ ಕಡಾಯಿಯ ಮುಂದೆ ನಿಂತಾಗ ಬಜ್ಜಿಯನ್ನು ನೋಡುವ ಮೊದಲು ಎಣ್ಣೆಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ನಿನ್ನೆ ಮೊನ್ನೆಯಿಂದ ಕಾಯುತ್ತಲೇ ಇರುವ ಎಣ್ಣೆಯು ಕಪ್ಪಾಗಿರುತ್ತದೆ, ಮಂದವಾಗಿರುತ್ತದೆ, ಬೇಗನೆ ಹೊಗೆಯಾಡುತ್ತದೆ, ಅಂಚಿನಲ್ಲಿ ಬಿಡದೆ ನೊರೆಗಟ್ಟುತ್ತದೆ. ಪುನಃ ಪುನಃ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ವಿಕೃತ ಸಂಯುಕ್ತಗಳ ಪ್ರಮಾಣ ನೂರಕ್ಕೆ 25 ದಾಟಿದರೆ ಅಂಥ ಎಣ್ಣೆಯನ್ನು ಆಹಾರಕ್ಕೆ ಬಳಸಕೂಡದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವು 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅಳೆಯುವ ಉಪಕರಣ ಗಿರಾಕಿಯ ಕಿಸೆಯಲ್ಲಿರುವುದಿಲ್ಲ. ಆದರೆ ಕಣ್ಣು ಮೂಗುಗಳು ಇದ್ದೇ ಇವೆ. ಹಿಟ್ಟಿಗೆ ಬೆರೆಸುವ ಅಡಿಗೆ ಸೋಡಾದ ಮೂಲಕವೂ ಸೋಡಿಯಂ ಹೊಟ್ಟೆ ಸೇರುತ್ತದೆಂಬುದನ್ನು ರಕ್ತದೊತ್ತಡದವರು ಮರೆಯಬಾರದು: ಒಂದು ಚಹಾಚಮಚೆ ಸೋಡಾ, ಈ ದೃಷ್ಟಿಯಿಂದ, ಸುಮಾರು 3 ಗ್ರಾಂ ಉಪ್ಪಿಗೆ ಸಮ.

ಇಲ್ಲಿಯೇ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ಅಚ್ಚಾದ ಕಾಗದಕ್ಕೆ ಎಂದೂ ಬರವಿಲ್ಲ. ಬಿಸಿ ಮಿರ್ಚಿಯನ್ನು ಹಳೆಯ ದಿನಪತ್ರಿಕೆಯ ಚೂರಿನಲ್ಲಿ ಸುತ್ತಿ ಕೊಡುವುದು, ಅದೇ ಕಾಗದದಿಂದ ಬಜ್ಜಿಯ ಎಣ್ಣೆಯನ್ನು ಒತ್ತಿ ತೆಗೆಯುವುದು ಎಲ್ಲರಿಗೂ ರೂಢಿಯಾಗಿದೆ. ಎಣ್ಣೆ ತೆಗೆದು ಉಪಕಾರ ಮಾಡಿಕೊಂಡೆವೆಂದು ತಿನ್ನುವವನು ತಿಳಿದಿರುತ್ತಾನೆ. ಆದರೆ ಮುದ್ರಣದ ಮಸಿಯಲ್ಲಿ ದೇಹಕ್ಕೆ ಒಗ್ಗದ ವರ್ಣದ್ರವ್ಯಗಳೂ ರಾಸಾಯನಿಕಗಳೂ ಇರುತ್ತವೆ. ಬಿಸಿಯೂ ಜಿಡ್ಡೂ ಸೇರಿದಾಗ ಅವು ಸುಲಭವಾಗಿ ಆಹಾರಕ್ಕೆ ಇಳಿಯುತ್ತವೆ. 2018ರ ಪ್ಯಾಕಿಂಗ್ ನಿಯಮಗಳು ಆಹಾರವನ್ನು ದಿನಪತ್ರಿಕೆಯಲ್ಲಿ ಸುತ್ತುವುದನ್ನು ನಿಷೇಧಿಸಿವೆ. ಬಾಳೆಎಲೆಯ ಚೂರನ್ನೋ ಮುತ್ತಲದೆಲೆಯ ದೊನ್ನೆಯನ್ನೋ ಕೇಳಿ ಪಡೆಯಬೇಕು. ಇಲ್ಲವೆಂದರೆ ಮನೆಯಿಂದಲೇ ಡಬ್ಬಿ ಒಯ್ಯಬೇಕು.

ಸಾಯಂಕಾಲದ ತಿನಿಸು ಬೇಕೇ ಬೇಕೆನ್ನುವವರಿಗೆ ಗಿರಮಿಟ್ಟಿನಂಥ ಆಶ್ರಯ ಮತ್ತೊಂದಿಲ್ಲ. ಚುರುಮುರಿಗೆ ಹೆಚ್ಚಿದ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ, ಪುಠಾಣಿ ಹಿಟ್ಟು, ಹುಣಸೆ-ಬೆಲ್ಲದ ಒಗ್ಗರಣೆ ಸೇರಿಸಿ ಕಲಸಿದ ಈ ಪದಾರ್ಥವು ಹಗುರವೂ ರುಚಿಕರವೂ ಆಗಿದೆ. ಹಸಿ ಉಳ್ಳಾಗಡ್ಡಿಯನ್ನೂ ಪುಠಾಣಿ ಹಿಟ್ಟನ್ನೂ ಮುಂದಾಗಿ ಹಾಕಿಸಿಕೊಂಡು, ಜೊತೆಗೆ ನಾಲ್ಕು ಮಿರ್ಚಿಯ ಬದಲು ಒಂದನ್ನು ಇಟ್ಟುಕೊಂಡರೆ ನಾಲಿಗೆಗೂ ನಷ್ಟವಿಲ್ಲ. ಗಿರಮಿಟ್ಟು-ಮಿರ್ಚಿಗಳ ಜೋಡಿಯನ್ನು ಮುರಿಯಬೇಕಾಗಿಲ್ಲ. ಅವುಗಳ ಅನುಪಾತವನ್ನು ತಿರುಗಿಸಿದರೆ ಸಾಕು.

ಈಚಿನ ವರ್ಷಗಳಲ್ಲಿ ಈ ಗಾಡಿಗಳ ಸಾಲಿಗೆ ಗೋಬಿ ಮಂಚೂರಿಯೂ ಬಂದು ಸೇರಿದೆ. ಹುಡುಗರ ಒಲವೆಲ್ಲ ಅದರ ಕಡೆಗೇ. ಅದರ ಉಜ್ವಲವಾದ ಕೆಂಪು ಬಣ್ಣ ಎಲ್ಲಿಯದೆಂದು ಕೇಳಬೇಕು. 2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಗಳನ್ನೂ, ಬೊಂಬಾಯಿ ಮಿಠಾಯಿಯಲ್ಲಿ ರೊಡಮೈನ್-ಬಿ ಎಂಬ ವಿಷವರ್ಣವನ್ನೂ ನಿಷೇಧಿಸಿತು; ಅದೇ ವರ್ಷ ಕಬಾಬುಗಳಿಗೂ ಬಣ್ಣದ ನಿಷೇಧ ಬಂದಿತು. ರೊಡಮೈನ್-ಬಿ ಬಟ್ಟೆಗೂ ಕಾಗದಕ್ಕೂ ಹಾಕುವ ಬಣ್ಣ, ಉಣ್ಣತಕ್ಕದ್ದಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಗುಣದಿಂದಲೇ ಜಗತ್ತಿಗೆ ಪರಿಚಿತವಾದ, 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಬ್ಯಾಡಗಿ ಮೆಣಸಿನಕಾಯಿ ನಮ್ಮ ಹೊಲಗಳಲ್ಲಿಯೇ ಬೆಳೆದು ನಮ್ಮ ಮಾರುಕಟ್ಟೆಯಲ್ಲಿಯೇ ಹರಾಜಾಗುತ್ತಿರುವಾಗ, ಅದರ ಪಕ್ಕದ ಬೀದಿಯಲ್ಲಿ ನಮ್ಮ ಮಕ್ಕಳು ಪೊಟ್ಟಣದ ಬಣ್ಣವನ್ನು ತಿನ್ನಬೇಕೆಂಬುದನ್ನು ಯೋಚಿಸಿದರೆ ನನಗೆ ತುಂಬ ವ್ಯಥೆಯಾಗುತ್ತದೆ. ಬೆರಳಿಗೆ ಅಂಟಿ ತೊಳೆದರೂ ಹೋಗದ ಕೆಂಪನ್ನು ಕಂಡಲ್ಲಿ ಮಕ್ಕಳಿಗೆ ಆ ಗಾಡಿಯ ತಿನಿಸು ಕೊಡಿಸಕೂಡದು.

ಬೆಳಗಿನ ಉಪಾಹಾರದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಇಡ್ಲಿಯೊಡನೆ ಬೇಳೆ-ತರಕಾರಿಗಳಿರುವ ಸಾಂಬಾರನ್ನು ಧಾರಾಳವಾಗಿ ತೆಗೆದುಕೊಳ್ಳುವುದು ಪೂರಿಗಿಂತಲೂ ವಡೆಗಿಂತಲೂ ಮೇಲು. ಆದರೆ ಇಡ್ಲಿಯನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಬೇಯಿಸುವ ಕೆಟ್ಟ ಪದ್ಧತಿಯ ವಿರುದ್ಧ ಸರ್ಕಾರ 2025ರಲ್ಲಿ ಕ್ರಮಕ್ಕೆ ಮುಂದಾಗಬೇಕಾಯಿತೆಂಬುದನ್ನು ನೆನೆದು, ಅರಿವೆಯ ಮೇಲೆ ಬೇಯಿಸುವ ಹೋಟೆಲನ್ನು ಗುರುತಿಸಿಟ್ಟುಕೊಳ್ಳಬೇಕು. ಚಹಾದ ಬಗ್ಗೆ ಎರಡು ಮಾತು. ಒಂದೊಂದು ಕಪ್ಪಿಗೆ ಎರಡು ಚಮಚೆಯಂತೆ ಸಕ್ಕರೆ ಬಿದ್ದರೆ ಮೂರು ಕಪ್ಪಿನಲ್ಲಿಯೇ ದಿನದ 25 ಗ್ರಾಮಿನ ಮಿತಿ ದಾಟುತ್ತದೆ. ಊಟದ ಹಿಂದೆಯೇ ಕುಡಿದ ಚಹಾ ಆಹಾರದ ಕಬ್ಬಿಣವನ್ನು ದೇಹಕ್ಕೆ ಪೂರ್ತಿಯಾಗಿ ದಕ್ಕಗೊಡುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಸ್ತ್ರೀಯರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ರಕ್ತಹೀನತೆ ಇದೆ. ಆದ್ದರಿಂದ ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯ ಅಂತರವಿಡುವುದು ವಿಶೇಷವಾಗಿ ಅವರಿಗೆ ಅವಶ್ಯ.

ಮುಂಡರಗಿಯ ಕಡೆಗೆ ಹೋದಾಗ ತಾಟಿಗಿಂತ ಮೊದಲು ನೀರಿನ ಲೋಟವನ್ನು ವಿಚಾರಿಸಬೇಕಾಗುತ್ತದೆ. ಆ ತಾಲೂಕಿನ ಅನೇಕ ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡಿನ ಅಂಶ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲುಗಳಲ್ಲಿ ಕಂದು ಕಲೆಗಳೂ, ಮುಂದೆ ಕೀಲುಗಳಲ್ಲಿ ಬಿಗಿತವೂ ಕಾಣಿಸಿಕೊಳ್ಳುತ್ತವೆ. ಹಲ್ಲು ರೂಪುಗೊಳ್ಳುತ್ತಿರುವ ಮಕ್ಕಳಿಗೆ ಅಪಾಯ ಮೊದಲು. “ಕುದಿಸಿದ ನೀರು” ಎಂಬ ಆಶ್ವಾಸನೆ ರೋಗಾಣುಗಳ ಮಟ್ಟಿಗೆ ನಿಜ, ಫ್ಲೋರೈಡಿನ ಮಟ್ಟಿಗೆ ಸುಳ್ಳು. ಕುದಿದು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಸಾಂದ್ರವಾಗುತ್ತದೆ. ಕೊಳವೆಬಾವಿಯ ನೀರೋ, ನದಿಯ ನೀರೋ, ಶುದ್ಧೀಕರಣ ಘಟಕದ ನೀರೋ ಎಂದು ಕೇಳಿ ಕುಡಿಯುವುದರಲ್ಲಿ ಸಂಕೋಚಪಡಬೇಕಾದುದಿಲ್ಲ. ನಿತ್ಯವೂ ಅಲ್ಲಿಯೇ ಉಣ್ಣುವವರು ಬೇಳೆ ಬೇಯಿಸುವುದಕ್ಕೆ ಯಾವ ನೀರನ್ನು ಬಳಸುತ್ತಾರೆಂಬುದನ್ನೂ ಕೇಳಬೇಕು. ಮೊಸರು, ನಿಂಬೆ, ಹಸಿ ಸೊಪ್ಪುಗಳು ಅಂಥವರಿಗೆ ಕೊಂಚ ರಕ್ಷಣೆ ಕೊಡುತ್ತವೆ.

ಹೀಗೆ ಎಲ್ಲವೂ ಕೇಳುವುದಕ್ಕೇ ಬಂದು ನಿಲ್ಲುತ್ತದೆ. ಹತ್ತು ಅಥವಾ ಅದಕ್ಕೂ ಹೆಚ್ಚು ಸ್ಥಳಗಳಲ್ಲಿ ಶಾಖೆಗಳುಳ್ಳ ದೊಡ್ಡ ಉಪಾಹಾರಗೃಹಗಳು ತಮ್ಮ ತಿನಿಸುಗಳ ಕ್ಯಾಲೊರಿಯನ್ನು ಪಟ್ಟಿಯಲ್ಲಿ ಕಾಣಿಸಬೇಕೆಂಬ ಕಾನೂನು ಬಂದಿದೆ. ಶಿರಹಟ್ಟಿಯ ಓಣಿಯ ಖಾನಾವಳಿಗೆ ಅದು ತಗಲುವುದಿಲ್ಲ. ಆದರೆ ದೊಡ್ಡ ಉಪಾಹಾರಗೃಹದಲ್ಲಿ ಇಲ್ಲದ ಒಂದು ಸೌಕರ್ಯ ಈ ಖಾನಾವಳಿಯಲ್ಲುಂಟು: ಅಡಿಗೆ ಮಾಡಿದವರೇ ಬಡಿಸಲು ಬರುತ್ತಾರೆ. “ಅಕ್ಕಾರ, ಪಲ್ಯದ ಮ್ಯಾಲಿನ ಎಣ್ಣಿ ಬಿಟ್ಟು ಹಾಕ್ರಿ, ನನಗ ಸಕ್ಕರಿ ಬ್ಯಾನಿ ಐತಿ. ಅನ್ನ ಬ್ಯಾಡ, ಕಾಳಪಲ್ಯ ಇನ್ನೊಂದೀಟು ಕೊಡ್ರಿ” ಎಂದು ಹೇಳಿ ನೋಡಿದವರಿಗೆ ಗೊತ್ತು, ಬೇಸರಪಡುವವರು ಕಡಿಮೆ, “ಮೊದಲs ಹೇಳಬಾರದೇನ್ರೀ ಅಣ್ಣಾರ, ನಮ್ಮ ಮನ್ಯಾಗೂ ಅದs ಬ್ಯಾನಿ ಐತಿ” ಎಂದು ಒಳಗೆ ಹೋಗಿ ತಮಗಾಗಿ ತೆಗೆದಿಟ್ಟ ಎಣ್ಣೆ ಕಡಿಮೆಯ ಪಲ್ಯವನ್ನು ತಂದು ಹಾಕುವವರೇ ಹೆಚ್ಚು. ಅನ್ನವನ್ನು ಬಿಟ್ಟುಕೊಟ್ಟು ಕಾಳು ಕೇಳಿದವನಿಂದ ಯಜಮಾನನಿಗೂ ದೊಡ್ಡ ನಷ್ಟವಿಲ್ಲ; ತಾಟಿನಲ್ಲಿ ಉಳಿದು ಚೆಲ್ಲಿಹೋಗುವುದರಲ್ಲಿ ಅನ್ನದ ಪಾಲು ಸಣ್ಣದಲ್ಲ.

ಇಂಥ ಮಾತನ್ನು ಒಬ್ಬನು ಹೇಳಿದರೆ ಅದು ಒಬ್ಬನ ಪಥ್ಯ. ದಿನಕ್ಕೆ ಹತ್ತು ಜನ ಹೇಳತೊಡಗಿದರೆ ಒಲೆಯ ಲೆಕ್ಕವೇ ಬದಲಾಗುತ್ತದೆ. ಕಾಳುಪಲ್ಯವನ್ನು ಕೇಳಿದ ಗಳಿಗೆಯಲ್ಲಿ ಮಾಡಿಕೊಡಲಾಗುವುದಿಲ್ಲ. ಹೆಸರಾಗಲಿ ಮಡಿಕೆಯಾಗಲಿ ಮೊಳಕೆ ಬರಬೇಕಾದರೆ ಹಿಂದಿನ ದಿನವೇ ನೆನೆಯಿಟ್ಟು, ರಾತ್ರಿ ಬಸಿದು ಅರಿವೆಯಲ್ಲಿ ಕಟ್ಟಿರಬೇಕು. ಮಧ್ಯಾಹ್ನ ಒಂದು ಗಂಟೆಗೇ ಕಾಳು ಮುಗಿದು, ಆಮೇಲೆ ಬಂದವರು “ಕಾಳಪಲ್ಯ ಇಲ್ಲೇನ್ರಿ?” ಎಂದು ನಾಲ್ಕು ಸಲ ಕೇಳಿ ಹೋದ ದಿನ, ಯಜಮಾನಿ ಸಂಜೆ ನೆನೆಯಿಡುವಾಗ ಒಂದು ಸೇರು ಹೆಚ್ಚಿಗೆ ಸುರಿಯುತ್ತಾಳೆ.